ಒಂದು ಕೆರೆ, ಒಂದು ನೋಟ್‌ಬುಕ್: ಊರಿನ ನೀರಹಕ್ಕಿಗಳನ್ನು ಎಣಿಸಿ ಬರೆದಿಡುವ ಕ್ರಮ

ಹಕ್ಕಿ ನೋಡಬೇಕೆಂದರೆ ರಂಗನತಿಟ್ಟಿಗೋ ಕೊಕ್ಕರೆ ಬೆಳ್ಳೂರಿಗೋ ಹೋಗಬೇಕು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಹೋಗಬಾರದೆಂದು ನಾನು ಹೇಳುತ್ತಿಲ್ಲ. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಪಕ್ಷಿತಜ್ಞ ಸಲೀಂ ಅಲಿಯವರು ನೀಡಿದ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು; 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ಕಳೆದ ಬೆಳಗು ಯಾರಿಗೂ ನಷ್ಟವಾಗುವುದಿಲ್ಲ. ಆದರೆ ಅಲ್ಲಿಯ ಹಕ್ಕಿಗಳನ್ನು ನೋಡುವುದಕ್ಕೂ ಕಾಯುವುದಕ್ಕೂ ಜನರಿದ್ದಾರೆ. ನಿಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗಿ ಬರಬಹುದಾದ ಕೆರೆಯಲ್ಲಿ ಎಷ್ಟು ಗುಳುಮುಳುಕಗಳಿವೆ, ಕಳೆದ ವರ್ಷ ಎಷ್ಟಿದ್ದವು ಎಂದು ಕೇಳಿದರೆ ಹೇಳುವವರು ಬಹುಶಃ ಯಾರೂ ಇಲ್ಲ. ಈ ಬರಹ ಅಂಥ ಒಂದು ಕೆರೆಯನ್ನು ಆರಿಸಿಕೊಂಡು, ವರ್ಷವಿಡೀ ನೋಡಿ, ಎಣಿಸಿ, ಬರೆದಿಟ್ಟು, ಅಗತ್ಯ ಬಂದಾಗ ಆ ಬರಹವನ್ನು ಕೆರೆಯ ಭವಿಷ್ಯ ನಿರ್ಧರಿಸುವವರ ಮುಂದೆ ಇಡುವ ಕ್ರಮವನ್ನು ಕುರಿತದ್ದು.

ಎಣಿಸುವುದರ ಮೇಲೆ ಇಷ್ಟು ಒತ್ತು ಏಕೆಂದು ಮೊದಲೇ ಹೇಳಿಬಿಡುತ್ತೇನೆ. ಮೈಸೂರು ಸೀಮೆಯ ಒಂದು ಸಾಧಾರಣ ಹಳ್ಳಿ ಕೆರೆಯನ್ನು ನಾನು ಹಲವು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಮೊದಲ ಎರಡು ವರ್ಷದ ನೋಟ್‌ಬುಕ್ಕಿನ ತುಂಬ ‘ಬಾತುಗಳು ತುಂಬಾ’, ‘ಗೊರವಗಳು ಕೆಲವು’, ‘ಇವತ್ತು ಕೆರೆ ಭರ್ತಿ ಹಕ್ಕಿ’ ಎಂಬಂಥ ಸಾಲುಗಳೇ ಇವೆ. ಮೂರನೆಯ ವರ್ಷ ಹೂಳೆತ್ತುವ ಕೆಲಸ ಮಂಜೂರಾಯಿತು. ಹಿನ್ನೀರಿನ ಕಡೆಯ ತೆಳುನೀರಿನ ಭಾಗವನ್ನೆಲ್ಲ ಅಗೆದು ಕೆರೆಯನ್ನು ಒಂದೇ ಆಳಕ್ಕೆ ತರುವ ನಕ್ಷೆ ಸಿದ್ಧವಾಗಿತ್ತು. ಆ ಭಾಗವನ್ನು ಬಿಡಬೇಕೆಂದು ಕೇಳಲು ನಾವು ನಾಲ್ವರು ಹೋದೆವು. ಅಲ್ಲಿದ್ದ ಎಂಜಿನಿಯರು ಸಮಾಧಾನದಿಂದಲೇ, “ಎಷ್ಟು ಹಕ್ಕಿ ಬರ್ತವೆ ಸಾರ್? ಯಾವ ತಿಂಗಳಲ್ಲಿ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ‘ತುಂಬಾ’ ಎಂದರೆ ಇಪ್ಪತ್ತೋ ಇನ್ನೂರೋ ಎಂಬುದು ಬರೆದ ನನಗೇ ನೆನಪಿರಲಿಲ್ಲ. ಆ ದಡ ಹೋಯಿತು.

ಕೆರೆಯನ್ನು ಆರಿಸಿಕೊಳ್ಳುವುದು

ಚೆಂದದ ಕೆರೆಯನ್ನು ಹುಡುಕಬೇಡಿ, ಹತ್ತಿರದ ಕೆರೆಯನ್ನು ಹುಡುಕಿ. ಮನೆಯಿಂದ ಇಪ್ಪತ್ತು ನಿಮಿಷಕ್ಕಿಂತ ದೂರವಿದ್ದರೆ ಎರಡನೆಯ ತಿಂಗಳಿಗೇ ನೆಪಗಳು ಶುರುವಾಗುತ್ತವೆ. ಒಮ್ಮೆ ಪೂರ್ತಿ ಸುತ್ತು ಹಾಕಿ, ಕೆರೆಯನ್ನು ಊರಿನವರು ನೋಡುವ ಹಾಗೆಯೇ ಭಾಗ ಮಾಡಿಕೊಳ್ಳಿ: ಏರಿ, ಗದ್ದೆಗೆ ನೀರು ಬಿಡುವ ತೂಬು, ಹೆಚ್ಚಾದ ನೀರು ಹರಿದುಹೋಗುವ ಕೋಡಿ, ನೀರು ನಿಲ್ಲುವ ಅಂಗಳ, ಕೆರೆಯ ನೀರುಣ್ಣುವ ಕೆಳಗಿನ ಗದ್ದೆಗಳ ಅಚ್ಚುಕಟ್ಟು. ಹಕ್ಕಿಗಳೂ ಹೆಚ್ಚು ಕಡಿಮೆ ಇದೇ ರೀತಿಯಲ್ಲಿ ಹಂಚಿಕೊಂಡಿರುತ್ತವೆ. ಏರಿಯ ಬದಿಯ ಆಳ ನೀರಿನಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆ, ಗುಳುಮುಳುಕ. ಜೊಂಡಿನ ಅಂಚಿನಲ್ಲಿ ಜಂಬುಕೋಳಿ. ತಾವರೆ ಎಲೆಗಳ ಮೇಲೆ ಉದ್ದ ಬೆರಳುಗಳನ್ನು ಹರಡಿ ನಡೆಯುವ ದೇವನಕ್ಕಿ. ಕೋಡಿಯ ಕಲ್ಲಿನ ಮೇಲೆ ಬಾಲ ಕುಣಿಸುವ ಸಿಪಿಲೆ. ಹಿನ್ನೀರಿನ ಕೆಸರಿನಲ್ಲಿ ಗೊರವಗಳು ಮತ್ತು ಮೆಟ್ಟುಗಾಲು ಹಕ್ಕಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆರೆಯ ಒಂದು ಒರಟು ನಕ್ಷೆ ಬರೆದು, ನೀವು ನಿಂತು ನೋಡುವ ಮೂರು ಅಥವಾ ನಾಲ್ಕು ಜಾಗಗಳನ್ನು ಗುರುತಿಸಿ. ಮುಂದೆ ಎಷ್ಟೇ ಆಸೆಯಾದರೂ ಆ ಜಾಗಗಳನ್ನು ಬದಲಿಸಬೇಡಿ. ಹೋದ ವರ್ಷದ ಲೆಕ್ಕವನ್ನು ಈ ವರ್ಷದ ಲೆಕ್ಕದೊಡನೆ ಹೋಲಿಸಬೇಕಾದರೆ ನಿಂತ ಜಾಗ, ಹೊತ್ತು, ಕಳೆದ ಸಮಯ ಮೂರೂ ಒಂದೇ ಇರಬೇಕು.

ಬೆಳಗಿನ ಬಿಸಿಲು ಕಣ್ಣಿಗೆ ಹೊಡೆದರೆ ಹಕ್ಕಿಯೆಲ್ಲ ಕಪ್ಪು ಆಕೃತಿಯಾಗಿಬಿಡುತ್ತದೆ. ಆದ್ದರಿಂದ ಬೆಳಿಗ್ಗೆ ಪೂರ್ವದ ದಡದಿಂದ ಪಶ್ಚಿಮಕ್ಕೆ ನೋಡುವಂತೆಯೂ ಸಂಜೆ ಅದರ ವಿರುದ್ಧವಾಗಿಯೂ ಜಾಗಗಳನ್ನು ಆರಿಸಿಕೊಳ್ಳಿ. ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ ಎಲ್ಲಕ್ಕಿಂತ ಒಳ್ಳೆಯ ಹೊತ್ತು. ಗದ್ದೆಯ ಬದುವಿನ ಮೇಲೆ ನಡೆಯಬೇಕಾದರೆ ರೈತರನ್ನು ಕೇಳಿ ನಡೆಯಿರಿ. ಗದ್ದೆಗಳಿಗೆ ಕೆರೆಯ ನೀರು ಬಿಡುವ ನೀರಗಂಟಿ ಇನ್ನೂ ಇರುವ ಊರಾದರೆ ಮೊದಲು ಅವರ ಪರಿಚಯ ಮಾಡಿಕೊಳ್ಳಿ. ದುರ್ಬೀನು ಹಿಡಿದ ಅಪರಿಚಿತನನ್ನು ಊರು ಸರ್ವೆಯವನೆಂದೋ ಜಮೀನು ಕೊಳ್ಳಲು ಬಂದವನೆಂದೋ ಭಾವಿಸುವುದು ಸಹಜ. ಒಂದು ಸಲ ದುರ್ಬೀನನ್ನು ಅವರ ಕೈಗೇ ಕೊಟ್ಟು ಮಿಂಚುಳ್ಳಿ ತೋರಿಸಿದರೆ ಆ ಅನುಮಾನ ಅಲ್ಲಿಗೇ ಮುಗಿಯುತ್ತದೆ.

ಸಲಕರಣೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದುರ್ಬೀನಿನ ಮೇಲೆ 8x42 ಎಂದಿದ್ದರೆ 8 ಎಂಬುದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದನ್ನೂ 42 ಎಂಬುದು ಮುಂದಿನ ಗಾಜಿನ ಅಗಲವನ್ನು ಮಿಲಿಮೀಟರಿನಲ್ಲಿಯೂ ಹೇಳುತ್ತದೆ. ಹೊಸಬರಿಗೆ ಇದೇ ಸಾಕು. ಇಪ್ಪತ್ತು ಪಟ್ಟು, ಮೂವತ್ತು ಪಟ್ಟು ಎಂದು ಮಾರುವವುಗಳನ್ನು ಕೊಳ್ಳಬೇಡಿ. ಕೈ ನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಕೊಂಡ ದಿನ ಮಾಡಬೇಕಾದ ಒಂದು ಕೆಲಸವನ್ನು ಬಹಳ ಮಂದಿ ಮಾಡುವುದೇ ಇಲ್ಲ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಒಂದು ದೂರದ ಬೋರ್ಡನ್ನು ಸ್ಪಷ್ಟ ಮಾಡಿಕೊಳ್ಳಿ. ಅನಂತರ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಡೆಯ ಕಣ್ಣಿನ ಬಳಿಯ ಉಂಗುರವನ್ನು ಮಾತ್ರ ತಿರುಗಿಸಿ ಅದೇ ಬೋರ್ಡನ್ನು ಸ್ಪಷ್ಟ ಮಾಡಿ. ಎರಡು ಕಣ್ಣಿನ ವ್ಯತ್ಯಾಸ ಸರಿಹೋಗಿ, ಇನ್ನು ಮುಂದೆ ನಡುವಿನ ಚಕ್ರವೊಂದೇ ಸಾಕಾಗುತ್ತದೆ. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರನ್ನು ಮಡಿಸಿಕೊಳ್ಳಬೇಕು. ಇನ್ನುಳಿದಂತೆ ಮಾಸಲು ಬಣ್ಣದ ಬಟ್ಟೆ, ನೀರು, ಟೋಪಿ, ಗಟ್ಟಿ ರಟ್ಟಿನ ಸಣ್ಣ ನೋಟ್‌ಬುಕ್ ಮತ್ತು ಸೀಸದ ಕಡ್ಡಿ. ಪೆನ್ನಿನ ಬರಹ ಇಬ್ಬನಿಗೆ ಕಲಸಿಹೋಗುತ್ತದೆ.

ಗುರುತು ಹಿಡಿಯುವುದು

ಹೊಸಬರು ಮೊದಲು ಬಣ್ಣ ನೋಡುತ್ತಾರೆ. ಬಣ್ಣ ಬಿಸಿಲಿಗೆ, ವಯಸ್ಸಿಗೆ, ಋತುವಿಗೆ ಬದಲಾಗುವಂಥದು. ಮೊದಲು ಗಾತ್ರ ನೋಡಿ: ಗುಬ್ಬಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ. ಆಮೇಲೆ ಕೊಕ್ಕು, ಕಾಲು, ನಡಿಗೆ, ಹಾರುವ ರೀತಿ. ಬಣ್ಣ ಕೊನೆಗೆ ಬರಲಿ. ಇದನ್ನು ಕಲಿಯಲು ನಾನು ಎಲ್ಲರಿಗೂ ಸೂಚಿಸುವುದು ಬೆಳ್ಳಕ್ಕಿಗಳನ್ನು, ಏಕೆಂದರೆ ಅವುಗಳಲ್ಲಿ ಬಣ್ಣದ ಆಮಿಷವೇ ಇಲ್ಲ, ಎಲ್ಲವೂ ಬಿಳಿ.

ಊರಿನ ಮಾತಿನಲ್ಲಿ ಕೆರೆಯಲ್ಲಿರುವುದೆಲ್ಲ ಕೊಕ್ಕರೆ ಅಥವಾ ಬೆಳ್ಳಕ್ಕಿ. ಒಂದು ಬೆಳಿಗ್ಗೆ ಹತ್ತು ಬಿಳಿ ಹಕ್ಕಿಗಳು ದಡದಲ್ಲಿ ನಿಂತಿವೆ ಎಂದುಕೊಳ್ಳಿ. ದನಗಳ ಕಾಲ ಬಳಿಯೇ ಓಡಾಡುತ್ತ ಹುಳು ಹೆಕ್ಕುತ್ತಿರುವ, ಗಿಡ್ಡ ಕುತ್ತಿಗೆಯ, ಹಳದಿ ಕೊಕ್ಕಿನದು ಗೋವಕ್ಕಿ. ಬೇಸಿಗೆಯಿಂದ ಮಳೆಗಾಲದವರೆಗೆ ಅದರ ತಲೆ ಕುತ್ತಿಗೆಗಳು ಅರಿಸಿನ ಬೆರೆಸಿದ ಕಾವಿ ಬಣ್ಣಕ್ಕೆ ತಿರುಗುತ್ತವೆ. ತೆಳ್ಳನೆಯ ಕಪ್ಪು ಕೊಕ್ಕು, ಕಪ್ಪು ಕಾಲು ಇದ್ದು, ಕೆಸರಿನಿಂದ ಪಾದ ಎತ್ತಿದಾಗ ಮಾತ್ರ ಹಳದಿ ಬೆರಳುಗಳು ಕಾಣಿಸಿದರೆ ಅದು ಸಣ್ಣ ಬೆಳ್ಳಕ್ಕಿ. ಆ ಹಳದಿ ಪಾದವನ್ನು ಕೆಸರಿನೊಳಗೆ ನಡುಗಿಸಿ ಮೀನುಮರಿಗಳನ್ನು ಎಬ್ಬಿಸುವುದನ್ನು ನೋಡಲು ಐದು ನಿಮಿಷ ಕದಲದೆ ನಿಲ್ಲಬೇಕಾಗುತ್ತದೆ. ಉಳಿದ ಎರಡು ತೊಡಕಿನವು. ದೊಡ್ಡ ಬೆಳ್ಳಕ್ಕಿಯ ಬಾಯಿಯ ಸೀಳು ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಮಧ್ಯಮ ಬೆಳ್ಳಕ್ಕಿಯದು ಕಣ್ಣಿನ ಕೆಳಗೇ ನಿಲ್ಲುತ್ತದೆ. ಇದನ್ನು ನೋಡಲಾಗದಷ್ಟು ದೂರದಲ್ಲಿದ್ದರೆ ‘ಬೆಳ್ಳಕ್ಕಿ, ಯಾವುದೆಂದು ತಿಳಿಯಲಿಲ್ಲ’ ಎಂದೇ ಬರೆಯಿರಿ. ಊಹೆಯಿಂದ ಬರೆದ ಹೆಸರಿಗಿಂತ ಈ ಸಾಲಿಗೆ ಹೆಚ್ಚು ಬೆಲೆಯಿದೆ.

ಗೊರವಗಳ ವಿಷಯದಲ್ಲಿ ಇನ್ನೂ ತಾಳ್ಮೆ ಬೇಕು. ಸಾಮಾನ್ಯ, ಗದ್ದೆ, ಹಸಿರು ಎಂಬ ಮೂರು ಗೊರವಗಳೂ ಕಂದು, ಮೂರೂ ಗೊರವಂಕಕ್ಕಿಂತ ತುಸು ಹೆಚ್ಚು ಕಡಿಮೆ ಗಾತ್ರದವು. ಸಾಮಾನ್ಯ ಗೊರವ ನಿಂತಲ್ಲೇ ಹಿಂಭಾಗವನ್ನು ಬಿಡದೆ ಕುಣಿಸುತ್ತದೆ, ಅದರ ಎದೆಯ ಬಿಳಿ ರೆಕ್ಕೆಯ ಮುಂದೆ ಮೇಲಕ್ಕೆ ಕೊಂಡಿಯಂತೆ ಏರುತ್ತದೆ. ಗದ್ದೆ ಗೊರವದ ಬೆನ್ನ ಮೇಲೆ ಎಣ್ಣೆ ಚೆಲ್ಲಿದಂತೆ ತಿಳಿ ಚುಕ್ಕೆಗಳಿದ್ದು, ಕಣ್ಣಿನ ಮೇಲೆ ಎದ್ದುಕಾಣುವ ಬಿಳಿ ಹುಬ್ಬಿರುತ್ತದೆ. ಹಸಿರು ಗೊರವ ಕುಳಿತಾಗ ಏನೂ ಹೇಳದೆ, ಎದ್ದು ಹಾರಿದಾಗ ಕಪ್ಪು ರೆಕ್ಕೆಗಳ ನಡುವೆ ಬೆಳ್ಳನೆಯ ಹಿಂಭಾಗ ತೋರಿಸಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ.

ಹೆಸರುಗಳ ಬಗ್ಗೆ ಒಂದು ಮಾತು. ಕನ್ನಡದ ಹಕ್ಕಿ ಹೆಸರುಗಳಲ್ಲಿ ಗುರುತಿನ ಸೂತ್ರವೇ ಅಡಗಿರುತ್ತದೆ: ಹಣೆಯ ಮೇಲೆ ಬಿಳಿ ನಾಮವಿರುವ ಕರಿಯ ಹಕ್ಕಿ ನಾಮದ ಕೋಳಿ, ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುವ ಕೊಕ್ಕರೆ ಬಾಯ್ಕಳಕ, ಈಜುವಾಗ ಕುತ್ತಿಗೆಯೊಂದೇ ಹಾವಿನಂತೆ ಮೇಲೆ ಕಾಣುವುದು ಹಾವಕ್ಕಿ. ಮೀನು ಹಿಡಿಯುವವರು, ಕುರಿ ಕಾಯುವವರು ಬಳಸುವ ಹೆಸರುಗಳು ಪುಸ್ತಕದ ಹೆಸರಿಗಿಂತ ಬೇರೆಯಿದ್ದರೆ ಎರಡನ್ನೂ ಬರೆದುಕೊಳ್ಳಿ. ಮೊಬೈಲಿನ ಮರ್ಲಿನ್ ಆ್ಯಪ್ ಫೋಟೊ ನೋಡಿ ಅಥವಾ ಕೂಗು ಕೇಳಿ ಹೆಸರು ಸೂಚಿಸುತ್ತದೆ. ಕಲಿಯಲು ಅದು ಒಳ್ಳೆಯ ಜೊತೆಗಾರ. ಆದರೆ ಅದು ಕೇಳಿದೆ ಎಂದ ಮಾತ್ರಕ್ಕೆ, ನೀವು ಕಾಣದ ಅಥವಾ ಖಚಿತಪಡಿಸಿಕೊಳ್ಳದ ಹಕ್ಕಿಯನ್ನು ಪಟ್ಟಿಗೆ ಸೇರಿಸಬಾರದು.

ಎಣಿಸುವುದು

ಕೆರೆಗೆ ಬಂದು ನಿಂತ ತಕ್ಷಣ ಮೊದಲು ಮಾಡಬೇಕಾದದ್ದು ಇಡೀ ನೀರಿನ ಮೇಲೆ ಒಂದು ಸಲ ಕಣ್ಣು ಹಾಯಿಸಿ, ಹಾರಿಹೋಗುವ ಸಂಭವವಿರುವ ದೊಡ್ಡ ಹಿಂಡನ್ನು ಎಣಿಸುವುದು. ಅಪರೂಪದ ಹಕ್ಕಿ ಎಲ್ಲಿದೆಯೆಂದು ಹುಡುಕುತ್ತ ಕೂತರೆ ಅಷ್ಟರಲ್ಲಿ ನಾಯಿಯೊಂದು ನೀರಿಗಿಳಿದು ಬಾತುಗಳನ್ನೆಲ್ಲ ಎಬ್ಬಿಸಿರುತ್ತದೆ. ಎಡದಿಂದ ಬಲಕ್ಕೆ ಮಾತ್ರ ಎಣಿಸಿ, ಹಿಂದಕ್ಕೆ ಬರಬೇಡಿ. ಮೂವತ್ತು ನಲವತ್ತರವರೆಗೆ ಒಂದೊಂದಾಗಿ ಎಣಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ, ಹತ್ತು ಹಕ್ಕಿಗಳನ್ನು ನಿಜವಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ಕಣ್ಣಿಗೆ ಕಟ್ಟಿಕೊಂಡು, ಅಷ್ಟಗಲದ ತುಂಡುಗಳು ಹಿಂಡಿನಲ್ಲಿ ಎಷ್ಟಿವೆ ಎಂದು ಎಣಿಸಿ. ಹಿಂಡು ನಡುವೆ ದಟ್ಟವಾಗಿ ಅಂಚಿನಲ್ಲಿ ತೆಳುವಾಗಿರುವುದರಿಂದ ಅಂಚನ್ನು ಬೇರೆಯಾಗಿ ಎಣಿಸುವುದು ಒಳ್ಳೆಯದು. ಅಭ್ಯಾಸಕ್ಕೆ ಮನೆಯಲ್ಲಿ ಒಂದು ಹಿಡಿ ಹುರುಳಿಕಾಳನ್ನು ತಟ್ಟೆಯಲ್ಲಿ ಚೆಲ್ಲಿ, ಅಂದಾಜು ಹೇಳಿ, ಅನಂತರ ಎಣಿಸಿ ನೋಡಿ. ಮೊದಮೊದಲು ಎಲ್ಲರೂ ನಿಜಕ್ಕಿಂತ ಕಡಿಮೆಯೇ ಹೇಳುತ್ತಾರೆ. ಮುಳುಗುವ ಹಕ್ಕಿಗಳನ್ನು ಮೂರು ಸಲ ಎಣಿಸಿ ದೊಡ್ಡ ಸಂಖ್ಯೆಯನ್ನು ಇಟ್ಟುಕೊಳ್ಳಿ, ಏಕೆಂದರೆ ಯಾವ ಗಳಿಗೆಯಲ್ಲೂ ಕೆಲವು ನೀರಿನ ಕೆಳಗಿರುತ್ತವೆ.

ಪ್ರತಿ ಸಲವೂ ಬರೆಯಬೇಕಾದವು ಇಷ್ಟು: ತಾರೀಖು, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ನಡೆದ ದೂರ, ಜೊತೆಯಲ್ಲಿದ್ದವರ ಸಂಖ್ಯೆ, ಮೋಡವೋ ಬಿಸಿಲೋ, ನೀರು ಎಲ್ಲಿಯವರೆಗಿದೆ. ಕೊನೆಯದನ್ನು ಮರೆಯಬೇಡಿ, ತೂಬಿನ ಕಲ್ಲುಕಂಬದ ಎಷ್ಟನೆಯ ಮೆಟ್ಟಿಲು ಮುಳುಗಿದೆ ಎಂದು ಬರೆದರೆ ಸಾಕು, ಮುಂದೆ ಹಕ್ಕಿಗಳ ಏರಿಳಿತಕ್ಕೆ ಅರ್ಧ ಕಾರಣ ಅದರಲ್ಲೇ ಸಿಗುತ್ತದೆ. ನೀವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ, ಕಾಗೆ, ಪಾರಿವಾಳಗಳನ್ನೂ ಸೇರಿಸಿ ಬರೆಯಿರಿ. ಕಾಗೆಯನ್ನು ಬರೆಯುವುದಕ್ಕೆ ನಾಚುವವರ ಪಟ್ಟಿಯಿಂದ ಕಾಗೆ ಕಡಿಮೆಯಾಯಿತೋ ಇಲ್ಲವೋ ಎಂದು ಯಾರೂ ಹೇಳಲಾರರು. ಮನೆಗೆ ಬಂದು ಅದನ್ನೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ನಡೆಸುವ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಿದರೆ ನಿಮ್ಮ ಲೆಕ್ಕ ದೇಶದ ಲೆಕ್ಕದಲ್ಲಿ ಕೂಡಿಕೊಳ್ಳುತ್ತದೆ. ಕಾಗದದ ನೋಟ್‌ಬುಕ್ಕನ್ನೂ ಬಿಡಬೇಡಿ. ಕಚೇರಿಯ ಮೇಜಿನ ಮೇಲೆ ಇಡಲು ಅದೇ ಬೇಕಾಗುತ್ತದೆ.

ಈ ಲೆಕ್ಕಗಳು ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ ಒಳ್ಳೆಯ ಉದಾಹರಣೆ 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿ ವರದಿ. ಸುಮಾರು 30,000 ಹವ್ಯಾಸಿಗಳು ಸೇರಿಸಿದ ಮೂರು ಕೋಟಿ ದಾಖಲೆಗಳ ಆಧಾರದ ಮೇಲೆ 942 ಪ್ರಭೇದಗಳನ್ನು ಅದು ಪರಿಶೀಲಿಸಿತು. ದೀರ್ಘಕಾಲದ ಏರಿಳಿತವನ್ನು ಅಳೆಯಲು ಸಾಧ್ಯವಾದ 338 ಪ್ರಭೇದಗಳಲ್ಲಿ ಶೇ 60ರಷ್ಟು ಕಡಿಮೆಯಾಗಿದ್ದವು. ನವಿಲಿನಂಥ ಕೆಲವು ಹೆಚ್ಚಿದ್ದವು. ಕುಗ್ಗುತ್ತಿರುವವುಗಳಲ್ಲಿ ನಮ್ಮ ರಾಜ್ಯಪಕ್ಷಿಯಾದ ನೀಲಕಂಠವೂ ಇದೆ, ಅದರ ಸ್ಥಿತಿಯನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ವರದಿ ಸೂಚಿಸಿತು. ವಿದ್ಯುತ್ ತಂತಿಯ ಮೇಲೆ ಕುಳಿತ ನೀಲಕಂಠವನ್ನು ‘ಅದೇನು ದಿನಾ ಇರೋದೇ’ ಎಂದು ಬಿಟ್ಟವರು ಆ ಕುಸಿತವನ್ನು ಕಂಡಿರಲಾರರು. ದಿನವೂ ‘ನೀಲಕಂಠ, 1’ ಎಂದು ಬರೆದವರಿಂದ ಅದು ಗೊತ್ತಾಯಿತು.

ಒಬ್ಬರೇ ಎಣಿಸುವುದು ಬೇಸರವೆನಿಸಿದರೆ ವರ್ಷದಲ್ಲಿ ಎರಡು ಸಂದರ್ಭಗಳಿವೆ. 1987ರಿಂದ ನಡೆಯುತ್ತಿರುವ ಏಷ್ಯಾದ ನೀರಹಕ್ಕಿ ಗಣತಿ ಜನವರಿಯಲ್ಲಿ ಬರುತ್ತದೆ. ಮನೆಯ ಹಿತ್ತಿಲು, ಶಾಲೆ, ಕಾಲೇಜುಗಳ ಹಕ್ಕಿಗಳನ್ನು ಹದಿನೈದು ನಿಮಿಷವಾದರೂ ಎಣಿಸುವ ನಾಲ್ಕು ದಿನಗಳ ಹಿತ್ತಿಲ ಹಕ್ಕಿ ಗಣತಿ ಫೆಬ್ರುವರಿಯಲ್ಲಿ. ಊರಿನ ಪ್ರೌಢಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಲು ಎರಡನೆಯದು ಸೂಕ್ತ. ಹದಿನೈದು ಮಕ್ಕಳಿಗಿಂತ ಹೆಚ್ಚು ಬೇಡ. ಐದೈದು ಮಂದಿಯ ಗುಂಪು ಮಾಡಿ, ಒಬ್ಬರು ನೋಡಲಿ, ಒಬ್ಬರು ಬರೆಯಲಿ.

ಯಾವಾಗ ಏನನ್ನು ನಿರೀಕ್ಷಿಸಬೇಕು

ಸೆಪ್ಟೆಂಬರಿನಲ್ಲಿ ಮೊದಲ ಸಿಪಿಲೆ ಕೋಡಿಯ ಕಲ್ಲಿನ ಮೇಲೆ ಇಳಿಯುತ್ತದೆ. ಆ ತಾರೀಖನ್ನು ಪ್ರತಿ ವರ್ಷವೂ ತಪ್ಪದೆ ಬರೆಯಿರಿ. ಅದರ ಹಿಂದೆಯೇ ಗೊರವಗಳು, ಅಂಬರಗುಬ್ಬಿಗಳು ಬರುತ್ತವೆ. ನವೆಂಬರಿನಿಂದ ಸೂಜಿಬಾಲದ ಬಾತು, ಚಲುಕದ ಬಾತುಗಳು. ಜನವರಿ ಅತ್ಯಂತ ಹೆಚ್ಚು ಸಂಖ್ಯೆಯ ತಿಂಗಳು. ಮಾರ್ಚ್ ಮುಗಿಯುವಷ್ಟರಲ್ಲಿ ಬಾತುಗಳು ಹೊರಟಿರುತ್ತವೆ, ಕೊಳದ ಬಕದ ಬೆನ್ನು ನೇರಳೆ ಮಿಶ್ರಿತ ಕಂದಿಗೆ ತಿರುಗಿರುತ್ತದೆ. ಮಳೆ ಹಿಡಿದ ಮೇಲೆ ಗೀಜಗಗಳು ಬಾವಿಯ ಮೇಲೆ ಬಾಗಿದ ಕೊಂಬೆಗಳಲ್ಲಿ ನೇಯಲು ಶುರು ಮಾಡುತ್ತವೆ, ಚಾತಕ ಬರುತ್ತದೆ.

ನಿಮ್ಮ ಕೆರೆಗೆ ಪಟ್ಟೆತಲೆ ಹೆಬ್ಬಾತು ಬಂದರೆ ಅದಕ್ಕೆ ಬೇರೆಯೇ ನಿಗಾ ಬೇಕು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಈ ಹೆಬ್ಬಾತುಗಳು ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳಿಗೆ ಹೆಸರಾಗಿದೆ. 2024ರ ಜನವರಿಯಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದವು. ಹೊಲದಲ್ಲಿ ಮೇದು ಬಂದು ಹಗಲು ಕೆರೆಯಲ್ಲಿ ವಿಶ್ರಮಿಸುವ ಹೆಬ್ಬಾತುಗಳನ್ನು ಫೋಟೊಗಾಗಿ ಪದೇಪದೇ ಎಬ್ಬಿಸಿದರೆ, ಹಿಂದಿರುಗುವ ದಾರಿಗೆಂದು ಕೂಡಿಟ್ಟುಕೊಳ್ಳಬೇಕಾದ ಕೊಬ್ಬು ನಮ್ಮ ಕೆರೆಯ ಮೇಲೆಯೇ ಕರಗುತ್ತದೆ. ಹೆಬ್ಬಾತಿನ ಕುತ್ತಿಗೆಯಲ್ಲಿ ಬಣ್ಣದ ಪಟ್ಟಿಯೋ ಯಾವುದೇ ಹಕ್ಕಿಯ ಕಾಲಿನಲ್ಲಿ ಉಂಗುರವೋ ಕಂಡರೆ ಅಕ್ಷರ, ಅಂಕಿ, ಬಣ್ಣ, ಯಾವ ಕಾಲು ಎಂಬುದನ್ನೆಲ್ಲ ಬರೆದುಕೊಂಡು, ಸಾಧ್ಯವಾದರೆ ದೂರದಿಂದಲೇ ಫೋಟೊ ತೆಗೆದು, ಮುಂಬೈಯ ನಿಸರ್ಗ ಅಧ್ಯಯನ ಸಂಸ್ಥೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಅಂದರೆ ಬಿಎನ್‌ಎಚ್‌ಎಸ್‌ಗೆ ತಿಳಿಸಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸೀಮೆಯ ಹದಿನಾರು ಎಂಬ ಊರಿನ ಕೆರೆಯಲ್ಲಿ ಕಾಣಿಸಿಕೊಂಡದ್ದು ಹೀಗೆ ಓದಿದವರಿಂದಲೇ ತಿಳಿದದ್ದು.

ಹಕ್ಕಿಗಳಿಗೆ ತೊಂದರೆ ಎಲ್ಲಿಂದ ಬರುತ್ತದೆ

ಬೇಟೆ, ಉರುಳುಗಳ ಕಾಲ ಪೂರ್ತಿ ಮುಗಿದಿಲ್ಲ. ಗಿಳಿಯನ್ನು ಪಂಜರದಲ್ಲಿಟ್ಟು ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೆಂದು ಗೊತ್ತಿಲ್ಲದ ಮನೆಗಳು ಬಹಳ. ಆದರೂ ಇಂದು ಊರ ಕೆರೆಯ ಹಕ್ಕಿಗಳನ್ನು ಹೆಚ್ಚು ಓಡಿಸುತ್ತಿರುವುದು ಕೆರೆಗೆ ಒಳ್ಳೆಯದಾಗಲೆಂದೇ ಮಾಡುವ ಕೆಲಸ ಎಂದರೆ ಕೆಲವರಿಗೆ ಕೋಪ ಬರಬಹುದು.

ನೀರಹಕ್ಕಿಗೆ ಬೇಕಾದದ್ದು ನೀರಿಗಿಂತ ಹೆಚ್ಚಾಗಿ ನೀರಿನ ಅಂಚು. ಸಣ್ಣ ಗೊರವಗಳ ಕಾಲುಗಳು ಒಂದು ಬೆರಳುದ್ದ. ಅವು ಮೇಯುವುದು ಹಸಿ ಕೆಸರಿನಲ್ಲಿ ಅಥವಾ ಒಂದು ಬೆರಳಿನ ನೀರಿನಲ್ಲಿ. ಮೆಟ್ಟುಗಾಲು ಹಕ್ಕಿಗೆ ಗೇಣು ನೀರು. ತಲೆ ಕೆಳಗಾಗಿ, ಬಾಲ ಮೇಲಾಗಿ ಮೇಯುವ ಬಾತುಗಳಿಗೆ ಮೊಳದೊಳಗಿನ ಆಳ. ಬಣ್ಣದ ಕೊಕ್ಕರೆ ಮೊಣಕಾಲವರೆಗೆ ಇಳಿದು, ಕೊಕ್ಕು ಅರೆತೆರೆದು ನೀರಿನಲ್ಲಿ ಆಡಿಸುತ್ತ ನಡೆಯುತ್ತದೆ. ಹೂಳೆತ್ತುವ ಹೆಸರಿನಲ್ಲಿ ಕೆರೆಯನ್ನು ಬಟ್ಟಲಿನಂತೆ ಅಗೆದು, ಸುತ್ತ ಕಲ್ಲು ಕಟ್ಟಿ, ಕಲ್ಲಿನ ಮೇಲೆ ನಡೆಯುವ ದಾರಿ ಹಾಸಿ, ದಾರಿಗೆ ದೀಪ ಹಾಕಿದರೆ ನೀರಿನ ಪ್ರಮಾಣ ಹೆಚ್ಚುತ್ತದೆ, ಅಂಚು ಮಾಯವಾಗುತ್ತದೆ. ಉಳಿಯುವುದು ಮುಳುಗಿ ಮೀನು ಹಿಡಿಯುವ ನೀರುಕಾಗೆಗಳು. ಹೂಳು ತೆಗೆಯಲೇಬೇಡಿ ಎಂದು ರೈತರಿಗೆ ಹೇಳುವ ಅಧಿಕಾರ ನಮಗಿಲ್ಲ. ಕೆರೆ ಕಟ್ಟಿದ್ದೇ ಗದ್ದೆಗಾಗಿ. ಕೇಳಬೇಕಾದದ್ದು ಇಷ್ಟೆ: ಆಳ ಮಾಡುವುದನ್ನು ಏರಿಯ ಕಡೆ ಮಾಡಿ, ಹಿನ್ನೀರಿನ ಇಳಿಜಾರನ್ನು ಇದ್ದಂತೆಯೇ ಬಿಡಿ, ಜೊಂಡನ್ನು ಪೂರ್ತಿ ಕೀಳದೆ ಒಂದು ಮೂಲೆಯಲ್ಲಾದರೂ ಉಳಿಸಿ, ಕೆಲಸವನ್ನು ಗೂಡಿನ ಕಾಲದಲ್ಲಿ ಮಾಡಬೇಡಿ. ಕೆರೆಯೊಳಗಿನ ಜಾಲಿ ಮರಗಳನ್ನು ಕಸವೆಂದು ಕಡಿಯುವವರಿಗೆ ಅಂಕಸಮುದ್ರವನ್ನು ತೋರಿಸಿ. ಅಲ್ಲಿ ನೀರಿನ ನಡುವೆ ನಿಂತ ಜಾಲಿ ಮರಗಳ ಮೇಲೆಯೇ ಗೂಡುಗಳಿವೆ.

ಬಲೆಯ ತುಂಡುಗಳು ಎರಡನೆಯ ಕಾರಣ. ಗುತ್ತಿಗೆ ಮುಗಿದ ಮೇಲೆ ಬಿಟ್ಟುಹೋದ ನೈಲಾನ್ ಬಲೆಯಲ್ಲಿ ಹಾವಕ್ಕಿ, ನಾಮದ ಕೋಳಿಗಳು ಸಿಕ್ಕಿ ಸಾಯುತ್ತವೆ. ಇದಕ್ಕೆ ಮೀನುಗಾರರೊಡನೆ ಜಗಳ ತೆಗೆಯುವುದು ಮೂರ್ಖತನ. ಕೆರೆಯ ಹಕ್ಕಿಗಳನ್ನು ಅವರಷ್ಟು ಬಲ್ಲವರಿಲ್ಲ. ವರ್ಷಕ್ಕೆ ಎರಡು ಸಲ ಅವರ ತೆಪ್ಪದಲ್ಲೇ ಹೋಗಿ ಹಳೆಯ ಬಲೆ ಎಳೆದು ತೆಗೆಯುವ ಏರ್ಪಾಡು ಮಾಡಿಕೊಳ್ಳಿ. ಗಾಳಿಪಟದ ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಮಾರುವ ಅಂಗಡಿ ಕಂಡರೆ ಪೊಲೀಸರಿಗೆ ತಿಳಿಸಬಹುದು.

ಇನ್ನು ನಾವೇ ಉಂಟುಮಾಡುವ ತೊಂದರೆ. ಮೊಬೈಲಿನಿಂದ ಹಕ್ಕಿಯ ಕೂಗು ನುಡಿಸಿ ಅದನ್ನು ಹೊರಗೆ ಕರೆಯಬೇಡಿ. ತನ್ನ ಜಾಗಕ್ಕೆ ಬೇರೆ ಗಂಡು ಬಂದಿದೆಯೆಂದು ಅದು ಮೇವು ಬಿಟ್ಟು ಹುಡುಕಾಡುತ್ತದೆ. ಗೂಡಿನ ಫೋಟೊಗಾಗಿ ಮರೆಯ ಎಲೆ ಸರಿಸಬೇಡಿ. ನೀವು ಹೋದ ಮೇಲೆ ಆ ಸಂದಿಯಿಂದ ಕಾಗೆ ನೋಡುತ್ತದೆ. ಗೂಬೆ ಕೂರುವ ಮರವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಲೊಕೇಶನ್ ಸಮೇತ ಹಾಕಬೇಡಿ. ಡ್ರೋನ್ ಬೇಡವೇ ಬೇಡ. ಬಾತಿಗೆ ಬ್ರೆಡ್ಡು, ಹದ್ದಿಗೆ ಕೋಳಿಯ ತ್ಯಾಜ್ಯ ಹಾಕುವುದರಿಂದ ಪುಣ್ಯ ಬರುವುದಿಲ್ಲ, ಬೀದಿನಾಯಿಗಳು ಬರುತ್ತವೆ.

ಒಂದೆರಡು ದಿನಗಳಲ್ಲಿ ಹಲವು ಹಕ್ಕಿಗಳು ಸತ್ತು ಬಿದ್ದದ್ದು ಕಂಡರೆ ಮುಟ್ಟಬಾರದು, ಮಕ್ಕಳನ್ನೂ ನಾಯಿಗಳನ್ನೂ ಹತ್ತಿರ ಬಿಡಬಾರದು. ಸಂಖ್ಯೆ, ಜಾಗ, ಫೋಟೊ ದಾಖಲಿಸಿ ಅರಣ್ಯ ಇಲಾಖೆಗೂ ಪಶು ವೈದ್ಯರಿಗೂ ಅಂದೇ ತಿಳಿಸಬೇಕು. 2017ರ ಕೊನೆಯಿಂದ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಒಂದಾದ ಮೇಲೊಂದು ಸತ್ತಾಗ ಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆಯೊಳಗಿನ ಪರೋಪಜೀವಿ ಹುಳುಗಳು. ಆ ಊರಿನಲ್ಲಿ ಹಕ್ಕಿಗಳು ಹುಣಸೆ ಮರಗಳ ಮೇಲೆ, ಮನೆಗಳ ನಡುವೆಯೇ ಗೂಡು ಕಟ್ಟುತ್ತವೆ. ಹುಣಸೆ ಫಸಲು ಬಿಟ್ಟುಕೊಡುವ ಮನೆಯವರೂ, ಬಿದ್ದ ಮರಿಗಳನ್ನು ಎತ್ತಿ ಸಾಕುವ ಹೆಜ್ಜಾರ್ಲೆ ಬಳಗದ ಯುವಕರೂ ಇದ್ದಾರೆ. ಅಷ್ಟು ಕಣ್ಣುಗಳಿರುವುದರಿಂದ ಅಲ್ಲಿಯ ಸಾವು ಲೆಕ್ಕಕ್ಕೆ ಸಿಕ್ಕಿತು. ನಿಮ್ಮ ಕೆರೆಯಲ್ಲಿ ಆ ಕಣ್ಣು ನಿಮ್ಮದೇ ಆಗಿರಬೇಕಾಗುತ್ತದೆ.

ಬರೆದದ್ದನ್ನು ಬಳಸುವುದು

ಒಂದು ವರ್ಷ ತುಂಬಿದ ಮೇಲೆ ಒಂದೇ ಪುಟದ ಪಟ್ಟಿ ಮಾಡಿ: ಎಡಗಡೆ ಹಕ್ಕಿಯ ಹೆಸರು, ಮೇಲೆ ಹನ್ನೆರಡು ತಿಂಗಳು, ಪ್ರತಿ ಚೌಕದಲ್ಲಿ ಆ ತಿಂಗಳ ಅತಿ ಹೆಚ್ಚಿನ ಎಣಿಕೆ. ಕೆಳಗೆ ಕೆರೆಯ ನಕ್ಷೆಯಲ್ಲಿ ಯಾವ ಭಾಗದಲ್ಲಿ 50ಕ್ಕಿಂತ ಹೆಚ್ಚು ಹಕ್ಕಿಗಳು ಸೇರುತ್ತವೆ ಎಂದು ಗೆರೆ ಹಾಕಿ ತೋರಿಸಿ. ಹತ್ತು ಪುಟದ ವರದಿಯನ್ನು ಯಾರೂ ಓದುವುದಿಲ್ಲ. ಒಂದು ಪುಟವನ್ನು ತಿರಸ್ಕರಿಸುವುದು ಕಷ್ಟ.

ಯಾರಿಗೆ ಕೊಡಬೇಕೆಂಬುದು ಕೆರೆಯ ಗಾತ್ರದ ಮೇಲೆ ನಿಂತಿದೆ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯವು, ಅದಕ್ಕಿಂತ ಚಿಕ್ಕವು ಪಂಚಾಯಿತಿಗಳ ವಶದಲ್ಲಿರುತ್ತವೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಟ್ಟಿರಬೇಕು. ಅದರಲ್ಲಿ ನಿಮ್ಮ ಪಟ್ಟಿ ಸೇರಿದರೆ ಅದು ಹವ್ಯಾಸಿಯ ನೋಟ್‌ಬುಕ್ಕಿನಿಂದ ಸರ್ಕಾರಿ ಕಡತಕ್ಕೆ ಏರಿದಂತೆ. ಗ್ರಾಮಸಭೆಯಲ್ಲಿ ಓದಿ ಹೇಳಿ, ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೆರೆ ಅಭಿವೃದ್ಧಿಯ ಸುದ್ದಿ ಕಿವಿಗೆ ಬಿದ್ದ ದಿನವೇ ಮಾಹಿತಿ ಹಕ್ಕಿನಡಿ ಯೋಜನಾ ವರದಿ ಮತ್ತು ನಕ್ಷೆಯ ಪ್ರತಿ ಕೇಳಿ. ಜೆಸಿಬಿ ಇಳಿದ ಮೇಲೆ ಕೇಳಿದರೆ ಉಪಯೋಗವಿಲ್ಲ. ನಮ್ಮ ಕೆರೆಯ ಕೋಡಿಯ ಕಡೆಯ ಕೆಲಸ ಎರಡನೆಯ ಹಂತದಲ್ಲಿ ಬಂದಾಗ, ನಾಲ್ಕು ವರ್ಷದ ಜನವರಿ ಲೆಕ್ಕ ನಮ್ಮ ಕೈಯಲ್ಲಿತ್ತು. ಗೆರೆ ಹಾಕಿದ ನಕ್ಷೆಯನ್ನು ಮುಂದಿಟ್ಟಾಗ ಜೊಂಡಿನ ಮೂಲೆಯನ್ನು ಬಿಡಲು ಒಪ್ಪಿದರು. ಕಲ್ಲುಕಟ್ಟಡವನ್ನು ಬಿಡಲಿಲ್ಲ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೋಗುವುದನ್ನು ನಿಲ್ಲಿಸುವವರೇ ಹೆಚ್ಚು. ನಿಲ್ಲಿಸಬೇಡಿ, ಬಾತು ಇಲ್ಲದ ತಿಂಗಳಲ್ಲಿ ‘ಬಾತು, ಸೊನ್ನೆ’ ಎಂದು ಬರೆಯದಿದ್ದರೆ ನೀವು ಹೋಗಿರಲಿಲ್ಲವೋ ಬಾತು ಇರಲಿಲ್ಲವೋ ಎಂಬುದು ಮುಂದೆ ಗೊತ್ತಾಗುವುದಿಲ್ಲ. ಮೇ ತಿಂಗಳಲ್ಲಿ ಬಿರುಕುಬಿಟ್ಟ ಅಂಗಳದಲ್ಲಿ ನಡೆಯುವಾಗ ಟಿಟ್ಟಿಭವೊಂದು ತಲೆಯ ಮೇಲೆ ಕೂಗುತ್ತ ಸುತ್ತತೊಡಗಿದರೆ ಇದ್ದಲ್ಲೇ ನಿಂತು ಕಾಲ ಬಳಿ ನೋಡಿ. ಟ್ರ್ಯಾಕ್ಟರ್ ಚಕ್ರದ ಅಚ್ಚಿನಲ್ಲಿ, ಮಣ್ಣುಹೆಂಟೆಗಳ ನಡುವೆ, ಮಣ್ಣಿನದೇ ಬಣ್ಣದ ನಾಲ್ಕು ಮೊಟ್ಟೆಗಳು ಚೂಪು ತುದಿ ಒಳಮುಖವಾಗಿ ಕೂತಿರುತ್ತವೆ. ಗುರುತಿಗೆಂದು ಕಲ್ಲು ಕಡ್ಡಿ ಇಡಬೇಡಿ, ಬಂದ ಹೆಜ್ಜೆಯ ಮೇಲೆಯೇ ಹಿಂದಕ್ಕೆ ಬಂದು, ದೂರದ ಏರಿಯ ನೆರಳಿನಲ್ಲಿ ಕುಳಿತು ಬರೆಯಿರಿ: ತೂಬಿನ ಮೆಟ್ಟಿಲು ಪೂರ್ತಿ ಹೊರಗೆ, ನೀರಿಲ್ಲ. ಬಾತು 0. ಗೊರವ 0. ನಾಮದ ಕೋಳಿ 0. ಟಿಟ್ಟಿಭ 2, ಮೊಟ್ಟೆ 4.